ಕೊಡಗಿನ ಥ್ರಿಲ್ಲರ್ ಬರೀತಿದ್ದೀನಿ, ಎಲ್ಲಿ ನಂಬಿಕೆ ಕೆಡುತ್ತೆ ಹೇಳಿ

ಕೇಳಿದವರು, ಕುಶಾಲನಗರ:
ಎಂಟು ಕಂತಿನ ವೆಬ್ ಸರಣಿಗೆ ಸ್ಕ್ರಿಪ್ಟ್ ಬರೀತಿದ್ದೀನಿ. ನಾಪೋಕ್ಲು ಕಡೆಯ ಐನ್‌ಮನೆ (ಕೊಡವ ಕುಟುಂಬದ ಮೂಲ ಮನೆ), ಮಳೆಗಾಲದಲ್ಲಿ ಒಂದು ಕೊಲೆ, ಆಮೇಲೆ ಮನೆಯ ಹಿರಿಯರ ಆತ್ಮ ಕಾಣಿಸಿಕೊಳ್ಳುತ್ತೆ. ಓದಿದ ಗೆಳತಿಯರಿಬ್ಬರೂ "ಆತ್ಮ ಬರೋದು ಪರವಾಗಿಲ್ಲ ಕಣೇ, ಉಳಿದದ್ದೇ ನಂಬೋಕಾಗಲ್ಲ" ಅಂದ್ರು. ಥ್ರಿಲ್ಲರ್, ದೆವ್ವದ ಧಾರಾವಾಹಿ ನೋಡುವಾಗ ನೀವು ಎಲ್ಲಿ ಬೇಜಾರಾಗಿ ಟಿವಿ ಆರಿಸಿದ್ರಿ? ದಯವಿಟ್ಟು ಅನುಭವ ಹೇಳಿ.

ಕಾಫಿ ಬೆಳೆಗಾರ, ಸೋಮವಾರಪೇಟೆ:
ಮಳೆಗಾಲ ಅಂದ್ರೆ ಗಿಡದಲ್ಲಿ ಕೆಂಪು ಹಣ್ಣು ತೋರಿಸಬೇಡಿ. ಜುಲೈಯಲ್ಲಿ ಕಾಯಿ ಹಸಿರು. ಅರೇಬಿಕಾ ಹಣ್ಣಾಗೋದು ನವೆಂಬರ್ ಹೊತ್ತಿಗೆ, ರೋಬಸ್ಟಾ ಅದಕ್ಕಿಂತ ತಡ. ಇನ್ನು ನಾಯಕಿ ರಾತ್ರಿ ಬರಿಗಾಲಲ್ಲಿ ತೋಟದೊಳಗೆ ಓಡಿ ಬಂದ್ರೆ ಕಾಲ ತುಂಬ ಜಿಗಣೆ ಇರಲೇಬೇಕು. ಜಿಗಣೆ ಕಚ್ಚಿದ ಜಾಗದ ರಕ್ತ ಬೇಗ ಹೆಪ್ಪುಗಟ್ಟಲ್ಲ. ಹೊಸ್ತಿಲ ಮೇಲೆ ಬಿದ್ದ ಆ ಹನಿಗಳೇ ಪೊಲೀಸರ ದಾರಿ ತಪ್ಪಿಸಲಿ.

ವಿರಾಜಪೇಟೆಯಿಂದ:
ನನಗೆ ತಡೆಯೋಕಾಗದ್ದು ಕೋವಿಯ ದೃಶ್ಯ. ಒಮ್ಮೆ ಮನೆಮಂದಿಯೆಲ್ಲ ಕೂತು ನಮ್ಮ ಕಡೆಯದೇ ಅನ್ನೋ ಕಥೆ ನೋಡ್ತಿದ್ವಿ. ರಾತ್ರಿ ಒಂದು ಗುಂಡಿನ ಶಬ್ದ, ಊರಿಗೆ ಊರೇ ಕಿರುಚಿಕೊಂಡು ಓಡುತ್ತೆ. ಊಟ ಮಾಡ್ತಿದ್ದ ಅಪ್ಪ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದವರು ಮತ್ತೆ ಬರಲೇ ಇಲ್ಲ. ಇಲ್ಲಿ ಕೊಡವರಿಗೂ ಜಮ್ಮಾ ಅನ್ನೋ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದ್ದು, 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರವರೆಗೆ ಮುಂದುವರಿಸಿತು. ಕೈಲ್‌ಪೊಳ್ದ್ ಅನ್ನೋ ಆಯುಧಪೂಜೆ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಮನೆಗಳು ನಮ್ಮವು. ಕೊಡವರ ಮನೆಯಲ್ಲಿ ಗಂಡು ಮಗು ಹುಟ್ಟಿದ್ರೆ ಗಾಳಿಗೆ ಒಂದು ಗುಂಡು, ಸಾವಾದ್ರೆ ಎರಡು. ಹಾಗಾಗಿ ಶಬ್ದ ಕೇಳಿದ ಕೂಡಲೇ ನಾವು ಎಣಿಸ್ತೀವಿ.

ಅಜ್ಜಿ ತೀರಿಕೊಂಡ ರಾತ್ರಿ ಚಿಕ್ಕಪ್ಪ ಅಂಗಳಕ್ಕಿಳಿದು ಎರಡು ಗುಂಡು ಹೊಡೆದ್ರು. ಗದ್ದೆಯಾಚೆ ಮನೆಗಳಲ್ಲಿ ದೀಪ ಒಂದೊಂದಾಗಿ ಹತ್ತಿತು. ಸ್ವಲ್ಪ ಹೊತ್ತಿಗೆ ಗದ್ದೆ ಏರಿ ಮೇಲೆ ಟಾರ್ಚ್‌ಗಳು ಸಾಲಾಗಿ ಬರ್ತಾ ಇದ್ವು. ಬಂದವರಲ್ಲಿ ಒಬ್ಬರೂ ಏನಾಯ್ತು ಅಂತ ಕೇಳಲಿಲ್ಲ. ಯಾರು ಅಂತಷ್ಟೇ ಕೇಳಿದ್ರು.

ನಿಮ್ಮ ಕಥೆಯಲ್ಲೂ ಸಾವಿನ ಮನೆಯಲ್ಲಿ ಎರಡು ಗುಂಡು ಹೊಡೆಯಲಿ, ಜನ ಸೇರಿದ ಮೇಲೆ ಮೂರನೆಯದು ಕೇಳಿಸಲಿ. ಹಿನ್ನೆಲೆ ಸಂಗೀತವೇ ಬೇಡ.

ಇನ್ನೊಂದು ವಿಷಯ. ದೇಹದಲ್ಲಿ ಸಿಕ್ಕಿದ್ದನ್ನ ನೋಡಿ "ಇದೇ ಕೋವಿಯದು" ಅಂತ ಲ್ಯಾಬಿನವನು ಹೇಳೋ ದೃಶ್ಯ ಇದ್ರೆ ತೆಗೆದುಬಿಡಿ. ತೋಟಾ (ಕಾರ್ಟ್ರಿಜ್) ಹಾಕೋ ಕೋವಿಯ ನಳಿಗೆ ಒಳಗೆ ನುಣ್ಣಗಿರುತ್ತೆ, ರೈಫಲ್‌ನ ಸುರುಳಿ ಗೆರೆ ಇರಲ್ಲ, ಚರೆಯ (ತೋಟಾದೊಳಗಿನ ಸಣ್ಣ ಗುಂಡುಗಳ) ಮೇಲೆ ಗುರುತು ಬೀಳಲ್ಲ. ಗುರುತು ಸಿಗೋದು ಖಾಲಿ ತೋಟಾದ ಹಿಂಬದಿಯಲ್ಲಿ, ಫೈರಿಂಗ್ ಪಿನ್ ಹೊಡೆದ ಜಾಗದಲ್ಲಿ. ಜೋಡಿ ನಳಿಗೆ ಕೋವಿಯಿಂದ ಆ ಖಾಲಿ ತೋಟಾ ತಾನಾಗಿ ಕೆಳಗೆ ಬೀಳೋದೂ ಇಲ್ಲ, ಕೋವಿ ಮಡಚಿ ತೆಗೀಬೇಕು. ಅದು ಅಲ್ಲಿ ಬಿದ್ದು ಸಿಕ್ಕಿತು ಅಂದ್ರೆ ಕೊಲೆಗಾರ ಅಲ್ಲೇ ನಿಂತು ಮತ್ತೆ ತುಂಬಿಸಿದ್ದಾನೆ. ಯಾಕೆ? ಇಷ್ಟು ಸಾಕಲ್ವಾ ಒಂದು ಕಂತಿಗೆ.

ನಿವೃತ್ತ ಪೊಲೀಸ್, ಮಡಿಕೇರಿ:
ಕಥೆ ಈಗಿನ ಕಾಲದ್ದಾದ್ರೆ ಇನ್ಸ್‌ಪೆಕ್ಟರ್ ಬಾಯಲ್ಲಿ "302 ಹಾಕ್ತೀನಿ" ಬೇಡ ತಂಗಿ. 2024ರ ಜುಲೈ 1ರ ನಂತರದ ಕೊಲೆಗೆ ಭಾರತೀಯ ನ್ಯಾಯ ಸಂಹಿತೆಯ 103. ಮಧ್ಯರಾತ್ರಿ ಪೋಸ್ಟ್‌ಮಾರ್ಟಂ ಕೂಡ ಬೇಡ. ಸೂರ್ಯಾಸ್ತದ ಮೇಲೂ ಮಾಡಬಹುದು ಅಂತ 2021ರ ನವೆಂಬರ್‌ನಲ್ಲಿ ಕೇಂದ್ರ ಹೇಳಿದ್ದು ನಿಜ, ಆದ್ರೆ ಕೊಲೆ, ಆತ್ಮಹತ್ಯೆ, ಅನುಮಾನ ಇರೋ ಸಾವುಗಳನ್ನ ಅದರಿಂದ ಹೊರಗಿಟ್ಟಿದೆ. ಕಾನೂನು ಸುವ್ಯವಸ್ಥೆ ಕೆಡುವಂತಿದ್ರೆ ಮಾತ್ರ ಬೇರೆ ಮಾತು. ಬೆಳಗಾಗೋವರೆಗೆ ಹೆಣ ಕಾಯೋ ಕಾನ್‌ಸ್ಟೇಬಲ್‌ನ ತೋರಿಸಿ. ಹೊರಗೆ ಮಳೆ, ಕರೆಂಟಿಲ್ಲ, ಫ್ಲಾಸ್ಕಿನಲ್ಲಿ ಕಾಫಿ ಮುಗಿದಿದೆ. ನಾನು ಹಾಗೆ ಎಷ್ಟೋ ರಾತ್ರಿ ಕೂತಿದ್ದೀನಿ. ಟವರ್ ಲೊಕೇಶನ್ ಅಂದ್ರೂ ಸಿಗೋದು ಸುಮಾರಾಗಿ ಯಾವ ಕಡೆ ಅಂತ, ಇಂಥದ್ದೇ ಮನೆ ಅಂತಲ್ಲ.

ಪೊನ್ನಂಪೇಟೆಯಿಂದ:
ಆತ್ಮದ ವಿಷಯ ಯಾರೂ ಮುಟ್ಟಿಲ್ಲ. ಐನ್‌ಮನೆ ಅಂದ ಮೇಲೆ ಹತ್ತಿರದಲ್ಲಿ ಕೈಮಡ, ಅಂದ್ರೆ ಹಿರಿಯರ ಗುಡಿ, ಇರುತ್ತೆ. ಕಾರೋಣ ಅಂದ್ರೆ ಮನೆಯವರೇ ಕರೆದು ಕೋಳಿ, ಮದ್ಯ ಇಟ್ಟು ನೆನೆಯೋ ಹಿರಿಯ. ಅವರನ್ನ ಓಡಿಸೋಕೆ ನಿಂಬೆಹಣ್ಣು ಹಿಡಿದ ಮಾಂತ್ರಿಕನನ್ನ ತಂದ್ರೆ ನಮ್ಮ ಮನೆಯಲ್ಲಿ ಯಾರೂ ಒಪ್ಪಲ್ಲ. ನೆಲ್ಲಕ್ಕಿಯ (ಐನ್‌ಮನೆಯ ನಡುಮನೆಯ) ತೂಗುದೀಪ ಒಂದು ಸಂಜೆ ಹಚ್ಚದೇ ಉಳೀತು ಅನ್ನಿ, ಅಲ್ಲಿಂದ ಹೆದರಿಕೆ ಶುರುವಾಗಲಿ. ಕಟ್ಟಳೆ ಏನು ಅಂತ ಮೊದಲ ಕಂತಲ್ಲೇ ಹೇಳಿ, ಕೊನೇವರೆಗೆ ಅದನ್ನ ಬದಲಾಯಿಸಬೇಡಿ. ಎರಡನೇ ಕಂತಲ್ಲಿ ಗೋಡೆ ದಾಟಿ ಬಂದ ಆತ್ಮ ಆರನೇ ಕಂತಲ್ಲಿ ಬಾಗಿಲು ತಟ್ಟಿದ್ರೆ ನಾನಂತೂ ಎದ್ದು ಹೋಗ್ತೀನಿ.

ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ನಮ್ಮೂರಿನದರಲ್ಲಿ ಒಣ ಕಡ್ಡಿಯನ್ನೂ ಎತ್ತಬಾರದು ಅಂತ ಅಜ್ಜ ಹೇಳ್ತಿದ್ರು. ಆರು ವರ್ಷದವಳಿದ್ದಾಗ ಅಲ್ಲಿಂದ ಒಂದು ಕೋಲು ಹಿಡ್ಕೊಂಡು ಮನೆಗೆ ಬಂದಿದ್ದೆ. ಕತ್ತಲಾಗ್ತಿದ್ರೂ ವಾಪಸ್ ಕರ್ಕೊಂಡು ಹೋಗಿ, ಎತ್ತಿದ ಜಾಗದಲ್ಲೇ ಇಡಿಸಿದ್ರು. ದಾರಿಯುದ್ದಕ್ಕೂ ಅಜ್ಜ ಒಂದು ಮಾತೂ ಆಡಲಿಲ್ಲ. ಅಷ್ಟು ಹೆದರಿಕೆ ನನಗೆ ಯಾವ ಸಿನಿಮಾದಲ್ಲೂ ಆಗಿಲ್ಲ.

ಕೇಳಿದವರು:
ಎಲ್ಲರಿಗೂ ತುಂಬ ಧನ್ಯವಾದ. ಮಾಂತ್ರಿಕ, ಲ್ಯಾಬಿನ ದೃಶ್ಯ ಎರಡನ್ನೂ ತೆಗೆದೆ. ಮೂರನೇ ಗುಂಡಿನಿಂದಲೇ ಕಥೆ ಶುರು ಮಾಡ್ತೀನಿ. ವಿರಾಜಪೇಟೆಯ ಅಣ್ಣ, ಅದು ನಳಿಗೆ ಬಾಯಿಂದ ಮದ್ದು ತುಂಬಿಸೋ ಕೇಪಿನ ಕೋವಿಯಾಗಿದ್ರೆ ಖಾಲಿ ತೋಟಾನೇ ಇರಲ್ಲ ಅಲ್ವಾ? ಮಳೆಯಲ್ಲಿ ಅದಕ್ಕೆ ಮದ್ದು ತುಂಬಿಸೋದು ಹೇಗೆ, ಬಿಡುವಾದಾಗ ಬರೀತೀರಾ?