ಪದ ಬೇಕು, ನಾಳೆಯೊಳಗೆ: ನಿಕ್ಕೋದ ‘ಶ್ರೈನ್’ಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ, ಬೆಂಗಳೂರಿನಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಹಿರಿಯರ ಗುಂಪೊಂದು ಜಪಾನಿಗೆ ಹೊರಟಿದೆ. ಹೆಚ್ಚಿನವರು ಕನ್ನಡ ಬಿಟ್ಟು ಬೇರೆ ಓದುವವರಲ್ಲ. ನಿಕ್ಕೋ ಊರಿನ ಬಗ್ಗೆ ಅವರಿಗೊಂದು ಪುಟ್ಟ ಕೈಪಿಡಿ ಮಾಡ್ತಿದ್ದೇನೆ. ನಾಳೆ ಸಂಜೆ ಪ್ರಿಂಟಿಗೆ ಕೊಡಬೇಕು.

ಯುನೆಸ್ಕೋ 1999ರಲ್ಲಿ ಆ ಜಾಗವನ್ನು ಪಟ್ಟಿಗೆ ಸೇರಿಸಿದಾಗ ಹೆಸರಿನಲ್ಲೇ ಶ್ರೈನ್, ಟೆಂಪಲ್ ಅಂತ ಎರಡನ್ನೂ ಬೇರೆ ಬೇರೆ ಇಟ್ಟಿದೆ. ಒಟ್ಟು 103 ಕಟ್ಟಡ. ತೋಶೋಗೂ, ಫುತಾರಸಾನ್ ಜಪಾನಿನ ಮೂಲ ಧರ್ಮವಾದ ಶಿಂತೋದವು. ರಿನ್ನೋಜಿ ಬೌದ್ಧರದ್ದು. ಎಲ್ಲಕ್ಕೂ ‘ದೇವಸ್ಥಾನ’ ಅಂತ ಬರೆದರೆ ನಮ್ಮವರಿಗೆ ತೊಂದರೆ. ಶಿಂತೋ ಕಡೆ ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗೋದು ರೂಢಿ. ಬೌದ್ಧರ ಕಡೆ ಚಪ್ಪಾಳೆ ಇಲ್ಲ, ಸುಮ್ನೆ ಕೈ ಮುಗಿಯೋದು. ಪದ ಓದಿದ ಕೂಡಲೇ ಯಾವುದು ಅಂತ ಗೊತ್ತಾಗಬೇಕು. ‘ವಿಹಾರ’ ಬೇಡ. ಈಗಿನ ಕನ್ನಡದಲ್ಲಿ ಅದು ವಾಯುವಿಹಾರವೇ ಆಗಿಹೋಗಿದೆ.

ಧಾರವಾಡದಿಂದ

ಗುಡಿ. ಶಿಂತೋ ಗುಡಿ, ಬೌದ್ಧ ಗುಡಿ. ಮುಗೀತು. ಆಲಯ, ಸ್ಥಾನ, ಮಂದಿರ ಯಾವುದೂ ಬೇಡ. ಜಪಾನಿನದಕ್ಕೆ ಹೆಸರಿಡಬೇಕಾದರೂ ಸಂಸ್ಕೃತದ ಬಾಗಿಲು ತಟ್ಟಬೇಕಾ?

ಮೈಸೂರಿನಿಂದ

ಗುಡಿ ನಿಮ್ಮ ಕಡೆ ಎಲ್ಲದಕ್ಕೂ ಸಲ್ಲುತ್ತೆ. ನಮ್ಮ ಕಡೆ ಗುಡಿ ಅಂದರೆ ಊರಾಚೆಯ ಮಾರಮ್ಮನ ಗುಡಿ, ನಾಲ್ಕು ಜನ ನಿಂತರೆ ತುಂಬುವಂಥದ್ದು. ತೋಶೋಗೂನಲ್ಲಿ ಜಪಾನನ್ನು ಆಳಿದ ಶೋಗನ್ ತೊಕುಗಾವಾ ಇಯೆಯಾಸುವಿನ ಸಮಾಧಿ ಮುಟ್ಟಲು 207 ಕಲ್ಲಿನ ಮೆಟ್ಟಿಲು ಹತ್ತಬೇಕು. ಅದನ್ನು ಗುಡಿ ಅಂದರೆ ನಮ್ಮವರ ಮನಸ್ಸಿಗೆ ಬರೋ ಚಿತ್ರವೇ ತಪ್ಪು.

ಇನ್ನು ಯಾರೂ ಎತ್ತದ ವಿಷಯ. ಶಿಂತೋದವರ ಬಾಗಿಲಲ್ಲಿ ನಿಂತಿರೋ ‘ತೋರಿಇ’ ಕಮಾನು ನಮ್ಮ ತೋರಣವೇ. ಫುತಾರ ಅನ್ನೋ ಹೆಸರು ಫುದರಾಕು, ಅಂದರೆ ಸಂಸ್ಕೃತದ ಪೋತಲಕ, ಬೌದ್ಧರ ಬೋಧಿಸತ್ವ ಅವಲೋಕಿತೇಶ್ವರನ ಬೆಟ್ಟ. ಆ ಬೆಟ್ಟ ನಮ್ಮ ದಕ್ಷಿಣದ ಮಲಯ ಪರ್ವತದ ಹತ್ತಿರ ಇದೆ ಅಂತ ಹ್ಯೂಯೆನ್‌ತ್ಸಾಂಗ್ ಬರೆದಿದ್ದಾನೆ. ಮಂಗಳೂರಿನ ಕದ್ರಿಯಲ್ಲಿ 968ರ ಶಾಸನವಿರುವ ಲೋಕೇಶ್ವರನ, ಅಂದರೆ ಅದೇ ಅವಲೋಕಿತೇಶ್ವರನ, ಕಂಚಿನ ಮೂರ್ತಿ ಇವತ್ತಿಗೂ ಇದೆ. ಇಷ್ಟು ನಂಟಿರುವಾಗ ‘ದೇವಾಲಯ’ ಅನ್ನೋಕೆ ಯಾಕೆ ಅಂಜಬೇಕು?

ಟೋಕಿಯೋದಿಂದ

ತೋರಿಇ ತೋರಣವೇ ಅಂತ ತೀರ್ಪು ಕೊಡಬೇಡಿ. ಅದನ್ನು ಬರೆಯೋದು ‘ಹಕ್ಕಿ’ ಮತ್ತು ‘ಇರು’ ಅನ್ನೋ ಅಕ್ಷರಗಳಲ್ಲಿ. ತೋರಣದ ವಾದ ಹಳೆಯದು, ಇತ್ಯರ್ಥವಾಗಿಲ್ಲ. ಪೋತಲಕದ ವಾದಕ್ಕೆ ಸ್ವಲ್ಪ ಜಾಸ್ತಿ ಬಲ ಇದೆ. ಫುತಾರದ ಅಕ್ಷರಗಳನ್ನೇ ಚೀನೀ ರೀತಿ ‘ನಿಕೋ’ ಅಂತ ಓದಿ, ಆಮೇಲೆ ಬಿಸಿಲು ಅನ್ನೋ ಅರ್ಥದ ಅಕ್ಷರಗಳಲ್ಲಿ ಬರೆದದ್ದರಿಂದ ಊರಿಗೆ ಈಗಿನ ಹೆಸರು ಬಂತು ಅಂತಾರೆ. ಆದರೆ ಕೇಳಿದ ಪ್ರಶ್ನೆಗೂ ಇದಕ್ಕೂ ಏನು ಸಂಬಂಧ?

ಪ್ರಶ್ನೆ ಕೇಳಿದವರು ಇದನ್ನು ಗಮನಿಸಿ. ನಿಕ್ಕೋದಲ್ಲಿ ಶಿಂತೋ, ಬೌದ್ಧ ಎರಡನ್ನು ಬೇರೆ ಮಾಡಿದ್ದು 1868ರ ಸರ್ಕಾರಿ ಆಜ್ಞೆ. ಅದಕ್ಕೂ ಮುಂಚೆ ಸಾವಿರ ವರ್ಷ ಕೂಡಿಯೇ ಇದ್ದವು. ಆ ಬೆಟ್ಟದಲ್ಲಿ ಮೊದಲು ನೆಲೆ ಊರಿದ್ದು 766ರಲ್ಲಿ ಶೋದೋ ಅನ್ನೋ ಬೌದ್ಧ ಸನ್ಯಾಸಿ. ಆದ್ದರಿಂದ ಈಗಲೂ ತೋಶೋಗೂ ಅಂಗಳದಲ್ಲಿ ಐದಂತಸ್ತಿನ ಪಗೋಡ ನಿಂತಿದೆ. ಒಳಗಡೆ ಯಾಕುಶಿದೋ ಅಂತ ಭೈಷಜ್ಯಗುರುವಿನ, ಅಂದರೆ ರೋಗ ಕಳೆಯುವ ಬುದ್ಧನ, ಮನೆಯೇ ಇದೆ. ಅದರ ಚಾವಣಿಯಲ್ಲಿ ದೊಡ್ಡ ಡ್ರ್ಯಾಗನ್ ಚಿತ್ರ. ರಿನ್ನೋಜಿಯ ಸನ್ಯಾಸಿ ಡ್ರ್ಯಾಗನ್ನಿನ ತಲೆಯ ಕೆಳಗೆ ಎರಡು ಮರದ ತುಂಡು ತಟ್ಟುತ್ತಾರೆ. ಗೆಜ್ಜೆ ಅಲುಗಿದ ಹಾಗೆ ನಾದ ಹಬ್ಬುತ್ತೆ. ಪಕ್ಕಕ್ಕೆ ಸರಿದು ತಟ್ಟಿದರೆ ಬರೀ ಟಕ್ ಅನ್ನುತ್ತೆ. ಚಿನ್ನದ ಯೋಮೆಯಿಮೋನ್ ಬಾಗಿಲು, ಮೂರು ಕೋತಿ ನೋಡಿ ಓಡಿಬಿಡುವವರಿಗೆ ಇದನ್ನು ತಪ್ಪದೆ ಹೇಳಿ.

ಇನ್ನೊಂದು. ತಾತ ಇಯೆಯಾಸು ಇರೋದು ಶಿಂತೋ ತೋಶೋಗೂನಲ್ಲಿ. ಮೊಮ್ಮಗ ಇಯೆಮಿತ್ಸು ಇರೋದು ಸ್ವಲ್ಪ ದೂರದ ತೈಯುಇನ್‌ನಲ್ಲಿ, ಅದು ರಿನ್ನೋಜಿಗೆ ಸೇರಿದ್ದು, ಬೌದ್ಧ. ಎರಡೂ ಒಂದೇ ಮನೆತನದ ಸಮಾಧಿ, ಎರಡೂ ಚಿನ್ನ, ಅರಗು, ಕೆತ್ತನೆ. ಕಟ್ಟಡ ನೋಡಿ ಯಾವುದು ಯಾವುದು ಅಂತ ಹೇಳೋಕಾಗಲ್ಲ. ಪದವೇ ಹೇಳಬೇಕು. ನನ್ನ ಮಾತು: ಶಿಂತೋದ್ದಕ್ಕೆ ಜಪಾನಿನ ಪದ ‘ಜಿಂಜಾ’ ಅಂತಲೇ ಇಡಿ. ಬೌದ್ಧರದ್ದಕ್ಕೆ ಅಲ್ಲಿನ ಪದ ‘ತೆರ’ ಮಾತ್ರ ಬೇಡ, ಓದಿದವರು ಮದುವೆಯ ತೆರ ಅಂದುಕೊಳ್ತಾರೆ.

ಉಡುಪಿಯಿಂದ

ಎರಡು ಪದ ಬೇಕು ಅಂತ ಎಲ್ಲರೂ ಹುಡುಕ್ತಿದ್ದೀರಿ. ನಮ್ಮಲ್ಲಿ ಎರಡೂ ಇವೆ. ದೇವಸ್ಥಾನ ಬೇರೆ, ದೈವಸ್ಥಾನ ಬೇರೆ. ತುಳುನಾಡಿನಲ್ಲಿ ಚಿಕ್ಕ ಮಕ್ಕಳೂ ಇದನ್ನು ಬೆರೆಸುವುದಿಲ್ಲ.

ಶಿಂತೋದವರು ಪೂಜಿಸೋದು ‘ಕಾಮಿ’ಯನ್ನು; ಅದು ಏನು ಅಂತ ಯೋಚಿಸಿ. ಬೆಟ್ಟ ಕಾಮಿ. ಫುತಾರಸಾನ್‌ನವರು ಪೂಜಿಸೋದೇ 2,486 ಮೀಟರಿನ ನಾನ್ತೈ ಬೆಟ್ಟವನ್ನು. ಸತ್ತ ಮನುಷ್ಯ ಕಾಮಿ. 1616ರಲ್ಲಿ ತೀರಿಕೊಂಡ ಇಯೆಯಾಸುವನ್ನು ಮರುವರ್ಷ ನಿಕ್ಕೋಗೆ ತಂದು ತೋಶೋ ದೈಗೊಂಗೆನ್ ಅನ್ನೋ ಹೆಸರಿನ ದೈವವಾಗಿ ನೆಲೆಗೊಳಿಸಿದರು. ನಮ್ಮ ಕೋಟಿ ಚೆನ್ನಯರೂ ಬದುಕಿ ಹೋರಾಡಿ ಸತ್ತು ದೈವವಾದವರೇ. ಅವರಿಗೆ ಗರಡಿ ಇದೆ, ಕೋಲ ಇದೆ. ‘ದೇವಾಲಯ’ ಅಂದರೆ ಈ ಅರ್ಥ ಬರುತ್ತಾ? ದೈವಸ್ಥಾನ ಅಂದರೆ ಬರುತ್ತೆ. ಇದಕ್ಕಿಂತ ಸರಿಯಾದ ಪದ ಬೇರೆ ಯಾವ ಭಾಷೆಯಲ್ಲೂ ಸಿಗೋದು ಕಷ್ಟ.

ಧಾರವಾಡದಿಂದ

ಕರಾವಳಿಯವರಿಗೆ ಮಾತ್ರ ಬರುತ್ತೆ. ಘಟ್ಟ ಹತ್ತಿದರೆ ದೈವ ಅಂದರೆ ಹಣೆಬರಹ. ‘ದೈವಾಧೀನರಾದರು’ ಅನ್ನೋದು ಸಾವಿನ ಸುದ್ದಿ. ಕೈಪಿಡಿಯಲ್ಲಿ ಆ ಪದ ನೋಡಿ ಹಿರಿಯರು ಏನಂದುಕೊಳ್ಳಬೇಕು?

‘ಜಿಂಜಾ’ ಇಡಿ ಅನ್ನೋದಂತೂ ಸೋಮಾರಿತನ. ಇವತ್ತು ಜಿಂಜಾ, ನಾಳೆ ಪ್ರತಿಯೊಂದೂ ಎರವಲು. ಕನ್ನಡಕ್ಕೆ ಪದ ಕಟ್ಟುವ ಕಸುವೇ ಇಲ್ಲ ಅಂತ ನಾವೇ ಒಪ್ಪಿಕೊಂಡ ಹಾಗೆ.

ಟೋಕಿಯೋದಿಂದ

ಎರವಲಿಗೆ ಇಷ್ಟು ಸಿಟ್ಟು ಯಾಕೆ? ನೀವು ಹತ್ತುವ ರಿಕ್ಷಾ ಜಪಾನಿನ ‘ಜಿನ್‌ರಿಕಿಷಾ’ದಿಂದ ಬಂದದ್ದು. ಸುನಾಮಿ ಬಂದಾಗ ಯಾರೂ ಅಚ್ಚಗನ್ನಡ ಪದ ಕಟ್ಟುತ್ತಾ ಕೂರಲಿಲ್ಲ. ರಿನ್ನೋಜಿಯಲ್ಲಿ ಈಗಲೂ ಬೆಂಕಿ ಹಾಕಿ ‘ಗೋಮ’ ಮಾಡ್ತಾರೆ. ನಮ್ಮ ಹೋಮವೇ ಅದು. ಅದಕ್ಕಾಗಿ ದೊಡ್ಡ ಗೋಮದೋ, ಅಂದರೆ ಹೋಮದ ಮನೆ, ಕಟ್ಟಿದ್ದಾರೆ. ಆ ಪದ ತಗೊಂಡು ಜಪಾನಿ ಭಾಷೆ ಬಡವಾಗಲಿಲ್ಲ. ನಮ್ಮ ಬಸದಿಯೂ ‘ವಸತಿ’ಯಿಂದಲೇ ಬಂತಲ್ವಾ? ಅದನ್ನು ಕನ್ನಡದ್ದಲ್ಲ ಅನ್ನುವ ಧೈರ್ಯ ಯಾರಿಗಿದೆ?

ಮೈಸೂರಿನಿಂದ

ಬಸದಿ ತದ್ಭವ. ನಾಲಿಗೆಯ ಮೇಲೆ ಉರುಳಿ ಉರುಳಿ ನಮ್ಮದಾಯಿತು. ಜಿಂಜಾ ಹಾಗಲ್ಲ. ಬೇಕಿದ್ದರೆ ಡಂಬಳದ 1095ರ ಶಾಸನ ನೋಡಿ. ತಾರಾದೇವಿಯ ವಿಹಾರದ ಮಾತು ಅಲ್ಲಿದೆ. ‘ವಿಹಾರ’ ಬೌದ್ಧರ ಅರ್ಥದಲ್ಲೇ ಕನ್ನಡ ನಾಡಿನಲ್ಲಿತ್ತು. ನಾವು ಮರೆತೆವು ಅಂತ ಪದವನ್ನೇ ಬಿಟ್ಟುಬಿಡೋದಾ?

ಪ್ರಶ್ನೆ ಕೇಳಿದವರಿಂದ

ಸಮಯ ಇಲ್ಲ, ಹೀಗೆ ಕೊಡ್ತಿದ್ದೇನೆ. ಶಿಂತೋದ್ದಕ್ಕೆ ‘ಜಿಂಜಾ ಗುಡಿ’. ಮೊದಲ ಸಲ ಬಂದಾಗ ‘ಬೆಟ್ಟ, ಮರ, ಹಿರಿಯರನ್ನು ದೈವವೆಂದು ನಂಬುವ ಗುಡಿ’ ಅಂತ ಒಂದು ಸಾಲಿನ ವಿವರಣೆ. ಬೌದ್ಧರದ್ದಕ್ಕೆ ‘ಬೌದ್ಧ ಮಂದಿರ’. ವಿಹಾರದ ಮೇಲೆ ನನಗೂ ಪ್ರೀತಿ ಇದೆ, ಆದರೆ ಈ ಓದುಗರಿಗೆ ಅದು ದಾಟಲ್ಲ. ಯಾಕುಶಿದೋ ಡ್ರ್ಯಾಗನ್ ಸೇರಿಸಿದೆ. ತುಂಬಾ ಉಪಕಾರವಾಯಿತು.

ಟೋಕಿಯೋದಿಂದ

‘ತೋಶೋಗೂ ಜಿಂಜಾ ಗುಡಿ’ ಅಂತ ಮೂರನ್ನೂ ಪೋಣಿಸಬೇಡಿ. ‘ಗೂ’ ಅಂದರೇ ಗುಡಿ. ರಿನ್ನೋಜಿಯ ‘ಜಿ’ ಅಂದರೇ ಬೌದ್ಧ ಮಂದಿರ. ಕೈಪಿಡಿಯ ಕೊನೆಗೆ ಒಂದು ಸಾಲು ಹಾಕಿ: ಹೆಸರಿನ ತುದಿಯಲ್ಲಿ ಗೂ, ಜಿಂಜಾ, ತೈಶಾ ಇದ್ದರೆ ಚಪ್ಪಾಳೆ. ಜಿ, ದೆರ, ಇನ್ ಇದ್ದರೆ ಬರೀ ಕೈ ಮುಗಿಯೋದು. ಕ್ಯೋತೋಗೆ ಹೋದರೂ ಕೆಲಸಕ್ಕೆ ಬರುತ್ತೆ. ಫುಶಿಮಿ ಇನಾರಿ ತೈಶಾದಲ್ಲಿ ಚಪ್ಪಾಳೆ, ಕಿಯೋಮಿಜುದೆರದಲ್ಲಿ ಇಲ್ಲ.

‘ನಿಕ್ಕೋ’ದಲ್ಲಿ ಒತ್ತನ್ನೂ ಬಿಡಬೇಡಿ, ದೀರ್ಘವನ್ನೂ ಬಿಡಬೇಡಿ. ಇಂಗ್ಲಿಷ್ ಅಕ್ಷರದಲ್ಲಿ ಆ ದೀರ್ಘ ಬಿಟ್ಟುಹೋಗುತ್ತೆ. ನಮ್ಮ ಲಿಪಿಯಲ್ಲಿ ಎರಡೂ ಸರಿಯಾಗಿ ಕೂರುತ್ತವೆ.