ಸಹಾಯ ಬೇಕು: ಎಫ್-250 ಪಿಕಪ್‌ಗೆ ಯಾವ ಕವರ್ ಹಾಕಿಸಲಿ?

ನಮಸ್ಕಾರ. ನಾನಿರುವುದು ಅಮೆರಿಕದ ಮಿಷಿಗನ್‌ನಲ್ಲಿ. ಹೋದ ತಿಂಗಳು ಹಳೆಯ ಫೋರ್ಡ್ ಎಫ್-250 ತಗೊಂಡೆ, ಸಾಮಾನು ಹಾಕುವ ಹಿಂದಿನ ತೆರೆದ ಭಾಗ (ಬೆಡ್) 6.75 ಅಡಿ ಉದ್ದ. ಮರಗೆಲಸದ ಸಾಮಾನೆಲ್ಲಾ ಅದರಲ್ಲೇ. ಮೊನ್ನೆಯ ಮಳೆಗೆ ಪ್ಲೈವುಡ್ ಉಬ್ಬಿಹೋಯಿತು. ಊರಲ್ಲಾಗಿದ್ದರೆ ಒಂದು ಟಾರ್ಪಾಲ್ ಬಿಗಿದು ಸುಮ್ನಿರುತ್ತಿದ್ದೆ!

ಸುತ್ತಿಡುವ ವಿನೈಲ್ ಕವರ್ ಅಗ್ಗ, ಆದರೆ ಚಾಕುವಿನಿಂದ ಕೊಯ್ದರೆ ಮುಗಿಯಿತು, ಅಲ್ವಾ? ಮೂರು ಮಡಿಕೆಯ ಅಲ್ಯೂಮಿನಿಯಂ ಕವರ್ ಗಟ್ಟಿ. ಒಳಕ್ಕೆ ಸರಿಯುವ ಶಟರ್ ಥರದ್ದು ನೋಡಲು ಚಂದ. ಆದರೆ ಅದರ ಡಬ್ಬಿ ಕ್ಯಾಬಿನ್ ಹಿಂದಿನ ಜಾಗ ತಿನ್ನುತ್ತದೆ, ಬೆಲೆಯೂ ಜಾಸ್ತಿ. ನನಗೆ ಮಡಚುವುದರ ಕಡೆಗೇ ಮನಸ್ಸು.

ಇಲ್ಲಿನ ಹಿಮದಲ್ಲಿ ಬಳಸಿದವರು ಹೇಳಿ: ರಬ್ಬರ್ ಅಂಚು ಹೆಪ್ಪುಗಟ್ಟಿ ಅಂಟಿಕೊಳ್ಳುತ್ತದಾ? ಮೂಲೆಗಳಲ್ಲಿ ನೀರು ಇಳಿಯುತ್ತದಾ? ಬೆಡ್‌ಗೆ ತೂತು ಕೊರೆಯದೆ ಬರೀ ಕ್ಲ್ಯಾಂಪ್‌ನಲ್ಲಿ ಕೂರಿಸಿದರೆ ಸಾಕಾ?