ಪದಚರ್ಚೆ: 'ಟಿನ್ ಪೆಸ್ಟ್'ಗೆ ಕನ್ನಡದಲ್ಲಿ ಏನನ್ನೋಣ? ಫಲಕ ನಾಳೆ ಅಚ್ಚಿಗೆ

ಸು.ರಾ.:
ಎಲ್ಲರಿಗೂ ನಮಸ್ಕಾರ. ರಸಾಯನ ಪ್ರದರ್ಶನವೊಂದಕ್ಕೆ, ಹಳೆಯ ರಸಾಯನ ಕೈಪಿಡಿಗಳಲ್ಲಿ ಸಿಗುವ ವಿಚಿತ್ರಗಳ ಮೇಲೆ ಹನ್ನೆರಡು ಫಲಕಗಳ ಅನುವಾದ. ಹನ್ನೊಂದು ಆಯಿತು, ಸಿಕ್ಕಿಕೊಂಡಿರುವುದು ಟಿನ್ ಪೆಸ್ಟ್. ಶುದ್ಧ ತವರ 13.2 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗೆ ಬಹುಕಾಲ ಬಿದ್ದಿದ್ದರೆ ಮೈಮೇಲೆ ಬೂದು ಗುಳ್ಳೆ ಎದ್ದು, ಹರಡಿ, ಕೊನೆಗೆ ವಸ್ತುವೇ ಪುಡಿಯಾಗುತ್ತದಲ್ಲ, ಅದು. 1851ರಲ್ಲಿ ಜರ್ಮನಿಯ ಸೈಟ್ಸ್ ಊರಿನ ಅರಮನೆ ಚರ್ಚಿನ ಆರ್ಗನ್ ವಾದ್ಯದ ಕೊಳವೆಗಳಲ್ಲಿ ರಸಾಯನ ವಿಜ್ಞಾನಿ ಎರ್ಡ್‌ಮನ್ ಗಮನಿಸಿದ್ದು ಇದನ್ನೇ.

ಶೀರ್ಷಿಕೆಗೆ ಎರಡು ಪದದ ಜಾಗ ಮಾತ್ರ. ಸದ್ಯಕ್ಕೆ 'ತವರದ ಪಿಡುಗು' ಅಂತ ಹಾಕಿದ್ದೇನೆ. ಪಿಡುಗು ಅಂದ ಕೂಡಲೇ ಭಾಷಣದ ವಾಸನೆ ಬರುತ್ತದೆ. ಪಕ್ಕದ ಫಲಕ 'ಬ್ರಾಂಜ್ ಡಿಸೀಸ್', ಅಂದರೆ ಕಂಚಿಗೆ ಹತ್ತುವ ರೋಗ; ಅದಕ್ಕೂ ಹೊಂದುವಂತಿರಬೇಕು. ಸಂಜೆಯೊಳಗೆ ಹೇಳಿದರೆ ಉಪಕಾರ.

ಗೋ.ಭ.:
ತವರದ ತುಕ್ಕು. ಎಲ್ಲರಿಗೂ ಅರ್ಥವಾಗುತ್ತದೆ. ಇದಕ್ಕೆ ಚರ್ಚೆ ಬೇರೆ ಯಾಕೆ?

ವಿ.ಮ.:
ಅರ್ಥವಾಗುತ್ತದೆ, ತಪ್ಪಾಗಿ. ತುಕ್ಕಿನಲ್ಲಿ ಲೋಹಕ್ಕೆ ಆಮ್ಲಜನಕ ಸೇರಿ ಬೇರೆ ವಸ್ತುವಾಗುತ್ತದೆ, ತೂಕ ಏರುತ್ತದೆ. ಇಲ್ಲಿ ಏನೂ ಸೇರುವುದಿಲ್ಲ, ಏನೂ ಹೋಗುವುದಿಲ್ಲ. ಗಾಳಿ ತೆಗೆದ ಗಾಜಿನ ಕೊಳವೆಯೊಳಗೆ ಬೆಸೆದು ಮುಚ್ಚಿಟ್ಟರೂ ಆಗುತ್ತದೆ. ಬದಲಾಗುವುದು ಪರಮಾಣುಗಳ ಜೋಡಣೆ ಮಾತ್ರ: ಬಿಳಿ ತವರದ ಒತ್ತಾದ ಜೋಡಣೆ ಹೋಗಿ ವಜ್ರದ ಹರಳಿನ ಮಾದರಿಯ ಸಡಿಲ ಜೋಡಣೆ ಬರುತ್ತದೆ. ಸಾಂದ್ರತೆ 7.3ರಿಂದ 5.8ಕ್ಕೆ ಇಳಿಯುತ್ತದೆ, ಅಂದರೆ ಗಾತ್ರ ಕಾಲುಭಾಗಕ್ಕಿಂತ ಚೂರು ಹೆಚ್ಚೇ ಉಬ್ಬುತ್ತದೆ. ಬಿಳಿ ತವರ ಬಾಗುತ್ತದೆ, ಬೂದು ತವರ ಬಾಗುವ ಜಾತಿಯಲ್ಲ; ಉಬ್ಬುವ ಭರಕ್ಕೆ ತಾನೇ ಒಡೆದು ಉದುರುತ್ತದೆ.

ಫಲಕದಲ್ಲಿ 13.2 ಅಂತಷ್ಟೇ ಬರೆದು ಬಿಡಬೇಡಿ. ಅದು ಎರಡೂ ರೂಪಗಳು ಸಮಬಲದಲ್ಲಿರುವ ಗಡಿ. ಗಡಿಯ ಹತ್ತಿರ ಬದಲಾವಣೆ ಇಲ್ಲವೆನ್ನುವಷ್ಟು ನಿಧಾನ. ಮೈನಸ್ 30, 40ರ ಆಸುಪಾಸಿನಲ್ಲಿ ಚುರುಕು. ಇನ್ನೂ ತಣ್ಣಗಾದರೆ ಪರಮಾಣುಗಳು ಕದಲಲಾರದೆ ಮತ್ತೆ ನಿಧಾನ. ಶುರುವಾಗುವುದೇ ಕಷ್ಟ, ಶುರುವಾದರೆ ನಿಲ್ಲುವುದು ಕಷ್ಟ. ಬೂದು ತವರದ ಒಂದು ಕಣ ತಗುಲಿಸಿದರೆ ಅಲ್ಲಿಂದ ಹಬ್ಬುತ್ತದೆ. ಅದೇ ಅಳತೆಯ ಹರಳುಜೋಡಣೆ ಇರುವ ಕ್ಯಾಡ್ಮಿಯಮ್ ಟೆಲ್ಯುರೈಡ್ ಚೂರನ್ನು ಒತ್ತಿಟ್ಟರೂ ಕೆಲಸ ನಡೆಯುತ್ತದೆ. 'ಅಂಟುರೋಗ' ಅನ್ನುವ ಕಲ್ಪನೆ ಹುಟ್ಟಿದ್ದು ಇಲ್ಲಿಂದ. ಜರ್ಮನ್ನಿನ 'ಪೆಸ್ಟ್' ಅಂದರೆ ಪ್ಲೇಗು, ಇಂಗ್ಲಿಷಿನ ಬೆಳೆಹುಳು ಅಲ್ಲ. ಯಾರಾದರೂ 'ತವರದ ಕೀಟ' ಅನ್ನುವ ಮೊದಲೇ ಹೇಳಿಬಿಡುತ್ತೇನೆ.

ನಾ.ಶಿ.:
ರೋಗವೂ ಸಂಸ್ಕೃತ, ಮಹಾಮಾರಿಯೂ ಸಂಸ್ಕೃತ. 'ತವರ' ನಮ್ಮದು. ತಗರ, ತಮರ, ತವರ ಮೂರೂ ರೂಪ ಕನ್ನಡದಲ್ಲಿವೆ. ತಮಿಳು, ಮಲಯಾಳದಲ್ಲಿ ತಗರಂ, ತೆಲುಗಿನಲ್ಲಿ ತಗರಮು. ಸಂಸ್ಕೃತದ 'ತ್ರಪು'ವೇ ಸವೆದು ತವರ ಆಯಿತು ಅನ್ನುವವರು ಈ 'ಗ' ಎಲ್ಲಿಂದ ನುಗ್ಗಿತು ಅಂತ ಮೊದಲು ಹೇಳಲಿ. ಕನ್ನಡದ ಲೋಹಕ್ಕೆ ಕನ್ನಡದ್ದೇ ಬೇನೆ ಬರಲಿ: ತವರಬೇನೆ. ಪಕ್ಕದ್ದಕ್ಕೆ ಕಂಚುಬೇನೆ. ಎರಡೂ ಹೊಂದಿದವು, ಮುಗಿಯಿತು.

ಸು.ರಾ.:
ನಾ.ಶಿ. ಅವರೇ, 'ತವರಬೇನೆ' ಅಂದರೆ ಓದುವವರು ತವರುಮನೆಯ ಹಂಬಲ ಅಂದುಕೊಳ್ಳುತ್ತಾರೆ! 'ತವರದ' ಅಂದಾಗ ಲೋಹ, 'ತವರಿನ' ಅಂದಾಗ ಮನೆ, ವಿಭಕ್ತಿ ಇದ್ದರೆ ಗೊಂದಲವಿಲ್ಲ. ಸಮಾಸ ಮಾಡಿದಿರೋ, ಎರಡೂ ಒಂದೇ. ಇನ್ನೊಂದು ಫಲಕ 'ಟಿನ್ ಕ್ರೈ', ತವರದ ಸಲಾಕೆ ಬಗ್ಗಿಸಿದಾಗ ಒಳಗಿನ ಹರಳುಗಳು ಸರಕ್ಕನೆ ಮಗ್ಗುಲು ಬದಲಿಸಿ ಕರಕರ ಅನ್ನುವುದು. ಅದನ್ನು 'ತವರ ಕೂಗು' ಅಂತ ಬರೆದಿದ್ದೆ. ಜೊತೆಗೆ ತವರಬೇನೆಯನ್ನೂ ತೂಗುಹಾಕಿದರೆ ಅದು ರಸಾಯನ ಪ್ರದರ್ಶನವಾಗಿ ಉಳಿಯುವುದಿಲ್ಲ. ಅದನ್ನು ಈಗಲೇ 'ತವರದ ಕೂಗು' ಅಂತ ತಿದ್ದಿದೆ.

ಗೋ.ಭ.:
ಕಂಚು ಕಾಂಸ್ಯದ ತದ್ಭವ. ಅಷ್ಟೂ ಗೊತ್ತಿಲ್ಲದೆ ಅಚ್ಚಗನ್ನಡದ ಕಾವಲು. ಇನ್ನು ನಿಮ್ಮ ಅಚ್ಚಗನ್ನಡ ತವರವನ್ನು ಪಾತ್ರೆಯ ಒಳಮೈಗೆ ಬಳಿದ ಕ್ಷಣವೇ ಅದು ಕಲಾಯಿ ಆಗುತ್ತದೆ. ಕಲಾಯಿ ಅರಬ್ಬಿಯ 'ಕಲಈ', ಅಲ್ಲೂ ಅದರ ಅರ್ಥ ತವರವೇ. ಬಾಣಲೆಯೊಳಗೆ ಅರಬ್ಬಿ ನಡೆಯುತ್ತದೆ, ಫಲಕದ ಮೇಲೆ ಸಂಸ್ಕೃತ ನಡೆಯುವುದಿಲ್ಲವೇ? 'ಟಿನ್ ಪೆಸ್ಟ್' ಅಂತಲೇ ಕನ್ನಡ ಲಿಪಿಯಲ್ಲಿ ಬರೆದು ಕೆಳಗೆ ವಿವರಿಸಿ.

ನಾ.ಶಿ.:
ಜನರ ಬಾಯಲ್ಲಿ ಸವೆದು ಬಂದ ಎರವಲು ಬೇರೆ, ಮೇಜಿನ ಮೇಲೆ ಕುಳಿತು ಕಟ್ಟಿದ್ದು ಬೇರೆ. ಕಂಚು, ಕಲಾಯಿ ಸವೆದು ಬಂದವು. ಮೇಜಿನವರ ಕೆಲಸ ನೋಡಬೇಕೇ? 'ಆಮ್ಲಜನಕ'. ಆಮ್ಲಗಳನ್ನು ಹುಟ್ಟಿಸುವುದು ಇದೇ ಅಂತ ಫ್ರಾನ್ಸಿನ ರಸಾಯನ ವಿಜ್ಞಾನಿ ಲವಾಸಿಯೇ ತಪ್ಪು ತಿಳಿದು ಗ್ರೀಕಿನಲ್ಲಿ ಹೆಸರಿಟ್ಟ. 1810ರಲ್ಲಿ ಇಂಗ್ಲೆಂಡಿನ ರಸಾಯನ ವಿಜ್ಞಾನಿ ಡೇವಿ, ಉಪ್ಪಿನಿಂದ ಬರುವ ಆಮ್ಲದಲ್ಲಿ ಆಮ್ಲಜನಕವೇ ಇಲ್ಲ ಅಂತ ತೋರಿಸಿದ. ಆಮೇಲೂ ನಾವು ಆ ತಪ್ಪನ್ನು ಅಕ್ಷರಕ್ಕಕ್ಷರ ಸಂಸ್ಕೃತಕ್ಕೆ ಇಳಿಸಿಕೊಂಡೆವು.

ವಿ.ಮ.:
ಆ ಜಗಳ ಈ ಸಂಜೆ ಬೇಡ. ಹಾಗೆ ನೋಡಿದರೆ ಲವಾಸಿಯೇ 'ಅಜೋಟ್', ಜೀವವಿಲ್ಲದ್ದು, ಅಂದ ಅನಿಲ ನಮ್ಮಲ್ಲಿ 'ಸಾರಜನಕ' ಆಗಿ ಕೂತಿದೆ. ಯಾರಿಗೂ ತೊಂದರೆಯಾಗಿಲ್ಲ. ತಪ್ಪು ಹೆಸರು ರೂಢಿಗೆ ಬಂದ ಮೇಲೆ ಬರಿಯ ಹೆಸರು. ಹೊಸದಾಗಿ ಕಟ್ಟುವಾಗ ಗೊತ್ತಿದ್ದೂ ತಪ್ಪು ಕಟ್ಟಬಾರದು, ಅಷ್ಟೆ.

ಕಂಚಿನ ವಿಷಯ. ಅದು ನಿಜಕ್ಕೂ ರಾಸಾಯನಿಕ ಕ್ರಿಯೆ. ಲೋಹದೊಳಗೆ ಸೇರಿಕೊಂಡ ಕ್ಯೂಪ್ರಸ್ ಕ್ಲೋರೈಡ್ ಎಂಬ ತಾಮ್ರದ ಲವಣಕ್ಕೆ ತೇವವೂ ಗಾಳಿಯೂ ಸಿಕ್ಕರೆ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟುತ್ತದೆ, ಅದು ತಾಮ್ರವನ್ನು ತಿಂದು ಮತ್ತೆ ಕ್ಲೋರೈಡ್ ಮಾಡುತ್ತದೆ, ಸುತ್ತು ನಿಲ್ಲುವುದಿಲ್ಲ. ತಿಳಿಹಸಿರು ಹಿಟ್ಟು ಉದುರುತ್ತಾ ಗುಳಿ ಬೀಳುತ್ತದೆ. ಅದಕ್ಕೇ 'ಕಿಲುಬು' ಸಾಲದು: ಕಿಲುಬು ಮೈಗೆ ಅಂಟಿಕೊಂಡಿರುತ್ತದೆ, ಇದು ಒಳಗಿಳಿಯುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆಯನ್ನು ಶೇ. 40ಕ್ಕಿಂತ ಕೆಳಗಿಟ್ಟರೆ ಸುಮ್ಮನಿರುತ್ತದೆ. 'ಕಂಚಿನ ರೋಗ' ಇರಲಿ.

ಹೇ.ಲ.:
ಇಷ್ಟು ಹೊತ್ತು ಓದಿದೆ. ರೈತರ ಬಾಯಲ್ಲಿ ಸಿದ್ಧ ಪದ ಇದೆಯಲ್ಲ: ಬೂದಿರೋಗ. ಎಲೆಯ ಮೇಲೆ ಒಂದು ಚುಕ್ಕೆ, ಆಮೇಲೆ ನಾಲ್ಕು, ಆಮೇಲೆ ಇಡೀ ಎಲೆಗೆ ಬೂದು ಪುಡಿ. ಒಂದು ಗಿಡದಿಂದ ಇನ್ನೊಂದಕ್ಕೆ ದಾಟುವುದೂ ಸರಿಹೊಂದುತ್ತದೆ. 'ತವರದ ಬೂದಿರೋಗ'. ಎರಡೇ ಪದ.

ಸು.ರಾ.:
ಆಹಾ! ಇದನ್ನೇ ಹಾಕಲೇ?

ವಿ.ಮ.:
ಒಂದು ನಿಮಿಷ. ಪದ ಚೆನ್ನಾಗಿದೆ, ಆದರೆ 'ಬೂದಿ' ಅಂದರೆ ಸುಟ್ಟು ಉಳಿದದ್ದು. ತವರವನ್ನು ಸುಟ್ಟರೆ ಬರುವ ಬೂದಿ ಬೇರೆಯೇ ಇದೆ: ಆಯುರ್ವೇದದ ವಂಗಭಸ್ಮ, ಮುಖ್ಯವಾಗಿ ತವರದ ಆಕ್ಸೈಡ್. ಬೂದಿ ಅಂದರೆ ತಿಳಿದವರು ಅದನ್ನೇ ನೆನೆಯುತ್ತಾರೆ, ಗೋ.ಭ. ಅವರ ತುಕ್ಕು ಹಿತ್ತಲ ಬಾಗಿಲಿನಿಂದ ಒಳಗೆ ಬಂದಂತೆ. ಈ ಗೊಂದಲ ಕಾಲ್ಪನಿಕವೂ ಅಲ್ಲ. ಹಳೆಯ ತವರದ ಪಾತ್ರೆಗಳಲ್ಲಿ ಪೆಸ್ಟ್ ಅಂತ ಗುರುತಿಸಿದ ಎಷ್ಟೋ ಕಲೆಗಳು ಪರೀಕ್ಷಿಸಿದಾಗ ಬರಿಯ ಸವಕಳಿ, ಅಂದರೆ ಆಕ್ಸೈಡ್, ಅಂತ ತಿಳಿದಿದೆ.

ಬೇರ್ಪಡಿಸುವುದು ಸುಲಭ. ಚಿಟಿಕೆ ಪುಡಿಯನ್ನು ಗಾಜಿನ ಕೊಳವೆಯಲ್ಲಿ ಹಾಕಿ ಕುದಿಯುವ ನೀರಿನಲ್ಲಿ ಹಿಡಿಯಿರಿ. ಬೂದು ತವರವಾದರೆ ಬಿಳಿ ತವರಕ್ಕೆ ತಿರುಗುತ್ತದೆ. ಪುಡಿ ಪುಡಿಯಾಗಿಯೇ ಉಳಿಯುತ್ತದೆ, ಗಟ್ಟಿಯಾಗಿ ಕೂಡಿಕೊಳ್ಳುವುದಿಲ್ಲ. ಆಮೇಲೆ ಚೂರು ಬೆಸುಗೆ ರಾಳ ಸೇರಿಸಿ 232 ಡಿಗ್ರಿ ದಾಟಿಸಿದರೆ ಕರಗಿ ಹೊಳೆಯುವ ಮಣಿ ಕಟ್ಟುತ್ತದೆ. ರಾಳ ಹಾಕದಿದ್ದರೆ ನಯವಾದ ಪುಡಿ ಗಾಳಿಗೆ ಆಕ್ಸೈಡಾಗಿ ನಿಮ್ಮ ಪರೀಕ್ಷೆಯೇ ಸುಳ್ಳಾದೀತು. ಆಕ್ಸೈಡ್ ಯಾವುದಕ್ಕೂ ಜಗ್ಗುವುದಿಲ್ಲ, ಅದು ಕರಗಲು 1600 ಡಿಗ್ರಿ ದಾಟಬೇಕು.

ಹೇ.ಲ.:
ಹಾಗಿದ್ದರೆ 'ಬೂದಿ' ಬೇಡ, 'ಬೂದು' ಇರಲಿ. ಬಣ್ಣ ಮಾತ್ರ, ಸುಡುವ ಮಾತಿಲ್ಲ. 'ಬೂದು ತವರ' ಅಂತ ನೀವೇ ಬಳಸುತ್ತಿದ್ದೀರಿ. ತವರದ ಬೂದುರೋಗ.

ವಿ.ಮ.:
ಒಪ್ಪಿಗೆ.

ಗೋ.ಭ.:
ನಾ.ಶಿ. ಅವರಿಗೂ ಒಪ್ಪಿಗೆಯೋ? ಬೂದಿ ಸಂಸ್ಕೃತದ 'ಭೂತಿ', ವಿಭೂತಿಯ ಭೂತಿ. ಬೂದು ಅದರ ಮರಿ.

ನಾ.ಶಿ.:
ತೆಲುಗಿನ 'ಬೂಡಿದ' ನೋಡಿ ಮಾತಾಡಿ. ಆ ಮೂರ್ಧನ್ಯ 'ಡ' ಭೂತಿಯಲ್ಲಿ ಎಲ್ಲಿದೆ? ಪುಡಿ, ಹುಡಿಯ ಕುಲಕ್ಕೆ ಸೇರಿದ್ದು ಅದು. ರೋಗಕ್ಕೆ ನನ್ನ ತಕರಾರು ಹಾಗೇ ಇದೆ. 'ಬೂದುಬೇನೆ' ಮಾಡಿ.

ಗೋ.ಭ.:
'ತಕರಾರು' ಅರಬ್ಬಿ.

ಸು.ರಾ.:
'ತವರದ ಬೂದುರೋಗ' ಹಾಕಿದೆ, ಪಕ್ಕದಲ್ಲಿ 'ಕಂಚಿನ ರೋಗ'. ಎಲ್ಲರಿಗೂ ಧನ್ಯವಾದ. ಕೊನೆಯದೊಂದು: ಮೂಲದಲ್ಲಿ 1812ರ ನೆಪೋಲಿಯನ್ ಸೈನಿಕರ ಕೋಟಿನ ತವರದ ಗುಂಡಿಗಳು ರಷ್ಯಾದ ಚಳಿಗೆ ಉದುರಿದವು ಅಂತಿದೆ. ಇರಲೇ?

ವಿ.ಮ.:
ತೆಗೆದುಬಿಡಿ, ಇಲ್ಲವೇ 'ಎಂಬ ಕಥೆಯಿದೆ' ಅನ್ನಿ. ಅಂದಿನ ತವರ ಶುದ್ಧವಾಗಿರುತ್ತಿರಲಿಲ್ಲ. ಸೀಸ ಕೂಡಿದ್ದರೆ ಈ ರೋಗ ಹತ್ತುವುದೇ ಅಪರೂಪ, ಆಂಟಿಮನಿಯೋ ಬಿಸ್ಮತ್ತೋ ಶೇ. ಅರ್ಧದಷ್ಟು ಇದ್ದರೂ ಬಹುಮಟ್ಟಿಗೆ ತಡೆಯುತ್ತದೆ. ಬೀಜಕಣವಿಲ್ಲದೆ ಶುರುವಾಗಲು ತಿಂಗಳುಗಟ್ಟಲೆ, ವರ್ಷಗಟ್ಟಲೆ ಬೇಕು. ಒಂದು ಹಿಮ್ಮೆಟ್ಟುವಿಕೆಯ ಅವಧಿ ಸಾಲದು. ಆ ಜಾಗದಲ್ಲಿ ಬೆಸುಗೆಯ ವಿಷಯ ಹಾಕಿ: 2006ರಲ್ಲಿ ಯುರೋಪಿನ ಒಕ್ಕೂಟ ಎಲೆಕ್ಟ್ರಾನಿಕ್ ಸಾಮಾನುಗಳಲ್ಲಿ ಸೀಸವನ್ನು ನಿರ್ಬಂಧಿಸಿದ ಮೇಲೆ ಬೆಸುಗೆ ಹೆಚ್ಚುಕಡಿಮೆ ತವರವೇ ಆಯಿತು, ಮರೆತಿದ್ದ ಈ ರೋಗದ ಮೇಲೆ ಮತ್ತೆ ಪ್ರಯೋಗಗಳು ಶುರುವಾದವು.

ಕರಡು ನೋಡುವಾಗ ಎಚ್ಚರ. ಅಕ್ಷರ ಜೋಡಿಸುವವರು ಕಾಗುಣಿತ ತಪ್ಪಿದೆ ಅಂದುಕೊಂಡು 'ಬೂದು'ವನ್ನು 'ಬೂದಿ' ಮಾಡಿಯಾರು.

ಸು.ರಾ.:
ಮಾಡಿದ್ದರು. ತಿದ್ದಿ ಕಳಿಸಿದೆ.